ಬೆನ್ನು ಹತ್ತಿದ ನೀರು

ಆ ಬೆಳಿಗ್ಗೆ ಮೂಡಗಾಳಿ ಬೀಸುತ್ತಿತ್ತು. ಮಳೆ ತರುವ ಗಾಳಿಯಲ್ಲ ಅದು. ಒಲೆಯ ಹೊಗೆಯನ್ನು ಮೇಲೇಳಲು ಬಿಡದೆ ಓಣಿಯುದ್ದಕ್ಕೂ ತಳ್ಳಿಕೊಂಡು ಹೋಗಿ, ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂದು ಊರಿಗೆಲ್ಲ ಹೇಳಿಬರುವ ಚಾಡಿಕೋರ ಗಾಳಿ. ಮೋಡ ತೆಳ್ಳಗಿತ್ತು. ಹೊಂಡದ ನೀರಿನ ಮೇಲೆ ಸಣ್ಣ ಸಣ್ಣ ನಿರಿಗೆ ಎದ್ದಿದ್ದವು. ನಾನು ದಿನದಂತೆ ಮೆಟ್ಟಿಲಿಳಿದು, ಕೈಮುಗಿದು, ಹೊಂಡದಯ್ಯನ ಅಭಿಷೇಕಕ್ಕೆ ಒಂದು ಕೊಡ ಅಗ್ಗಣಿ ತುಂಬಿಕೊಂಡು ಗುಡಿಗೆ ಹೋದೆ. ದೇವರಿಗೆ ಬೆಳಗಿನ ಮೊದಲ ನೀರು ಒಯ್ಯುವುದು ನಮ್ಮ ಮನೆತನದ ಸೇವೆ. ನನ್ನತ್ತೆ ಒಯ್ದರು, ಅವರತ್ತೆ ಒಯ್ದರು. ಈಗ ನಾನು, ಕಾಶವ್ವ. ಬೇರೆ ಕೈಯ ಅಗ್ಗಣಿಯನ್ನು ಅಯ್ಯ ಒಲ್ಲನೆಂದು ಊರಿನ ನಂಬಿಕೆ. ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ಕೂತು ಪುರಾಣ ಹೇಳುವುದು ಮಾತ್ರ ನನ್ನ ಸ್ವಂತ ಚಟ. ಅದಕ್ಕೆ ಯಾವ ಮನೆತನದ ಹಂಗೂ ಇಲ್ಲ.

ಅಂದೇ ಊರ ಹೊರಗಿನ ಬಣ್ಣದ ಕಾರ್ಖಾನೆಯ ಆರಂಭ. ನಮ್ಮೂರಲ್ಲಿ ಮಗ್ಗಗಳಿದ್ದವು, ಬಣ್ಣ ಇರಲಿಲ್ಲ. ನೂಲನ್ನು ದೂರದೂರಿಗೆ ಕಳಿಸಿ, ಅದು ಕೆಂಪಾಗಿಯೋ ನೀಲಿಯಾಗಿಯೋ ಬರುವ ತನಕ ನೇಕಾರರು ಕೈಕಟ್ಟಿ ಕೂರುತ್ತಿದ್ದರು. ಚಂದ್ರಾಮಪ್ಪ ಸಾಹುಕಾರರು ಬೇರೆ ಊರಿನಿಂದ ಬಂದು ಇಲ್ಲೇ ಕೊಪ್ಪರಿಗೆ ಹೂಡುತ್ತೇನೆ ಎಂದಾಗ ಊರು ಅವರನ್ನು ಅಳಿಯನ ಹಾಗೆ ಬರಮಾಡಿಕೊಂಡಿತು. ಹೊಂಡದಿಂದ ಪೈಪು ಎಳೆಯಲೂ ಒಪ್ಪಿತು. ಆದರೆ ಒಂದು ವಿಷಯ ಅವರಿಗೆ ಮೊದಲೇ ತಿಳಿಸಿತ್ತು.

ನಮ್ಮೂರಲ್ಲಿ ಕೊಳೆಯಾದ ನೀರು ಇಳಿಜಾರು ಹಿಡಿಯುವುದಿಲ್ಲ. ಯಾರ ಕೈ ಅದನ್ನು ಹೊರಗೆ ಬಿಟ್ಟಿತೋ ಅವರ ಬೆನ್ನು ಹಿಡಿಯುತ್ತದೆ. ಹಸುವಿನ ಹಿಂದೆ ಕರು ಬಂದ ಹಾಗೆ ಬರುತ್ತದೆ. ನಿಂತರೆ ನಿಲ್ಲುತ್ತದೆ, ಮಲಗಿದರೆ ಹೊರಸಿನ ಕೆಳಗೆ ಸೇರಿಕೊಳ್ಳುತ್ತದೆ. ತಿಳಿಯಾದ ಮೇಲಷ್ಟೇ ತಾನಾಗಿ ಬಿಟ್ಟು ಹೊಂಡಕ್ಕೆ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಪ್ರತಿ ಹಿತ್ತಲಲ್ಲೂ ಮರಳು, ಇದ್ದಿಲು ತುಂಬಿದ ಒಂದು ಗುಂಡಿ, ಅದರ ಬಾಯಲ್ಲಿ ಕೆಸುವಿನ ಗಿಡ. ಹೆಣ್ಣು ನೋಡಲು ಬಂದವರು ಹುಡುಗಿಯ ಮೂಗು ನೋಡುವ ಮೊದಲು ಹಿತ್ತಲ ಗುಂಡಿ ನೋಡುತ್ತಾರೆ. ಮಡಿವಾಳರ ಭೀಮಪ್ಪ ಸಂಜೆ ತನ್ನ ಸಾಬೂನಿನ ನೀರನ್ನು ಹಟ್ಟಿಗೆ ದನ ಹೊಡೆದುಕೊಂಡು ಹೋದ ಹಾಗೆ ಜೊಂಡಿನ ಹಳ್ಳಕ್ಕೆ ನಡೆಸಿಕೊಂಡು ಹೋಗುತ್ತಾನೆ. ಒಮ್ಮೆ ಅಕ್ಕಿ ಅಂಗಡಿಯ ಶಿವಪುತ್ರಪ್ಪ ಕದ್ದುಮುಚ್ಚಿ ಪೇಟೆಯ ಖಾನಾವಳಿಗೆ ಹೋಗಿ ಮೀನು ತಿಂದು ಬಂದ. ಬಾಯಿ ಒರೆಸಿಕೊಂಡಿದ್ದ, ಎಲೆ ಅಡಿಕೆ ಹಾಕಿಕೊಂಡಿದ್ದ. ಕೈ ತೊಳೆದ ನೀರು ಮಾತ್ರ ಮೀನಿನ ವಾಸನೆ ಹೊತ್ತುಕೊಂಡು ಅವನ ಹಿಂದೆಯೇ ದೇವರಮನೆಯ ತನಕ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಮ್ಮೂರಲ್ಲಿ ಯಾರೂ ಮಕ್ಕಳಿಗೆ ಕಲಿಸುವುದಿಲ್ಲ, ನೀರೇ ಕಲಿಸುತ್ತದೆ.

ಸಾಹುಕಾರರು ಇದನ್ನೆಲ್ಲ ನಗುತ್ತ ಕೇಳಿದ್ದರು. ನಗುತ್ತ ಕೇಳುವವರು ಚೆನ್ನಾಗಿಯೇ ಕೇಳಿಸಿಕೊಂಡಿರುತ್ತಾರೆ.

ಆರಂಭದ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಉಡಿ ತುಂಬಿ, ಕಾಯಿ ಕೊಟ್ಟರು. ಆಮೇಲೆ ಹೂವಿನ ಹಾರ ಸುತ್ತಿದ್ದ ಒಂದು ಕಬ್ಬಿಣದ ಚಕ್ರದ ಹತ್ತಿರ ಕರೆದುಕೊಂಡು ಹೋದರು.

“ಅವ್ವಾರ, ಇದು ನಿಮ್ಮ ಕೈಲೆ ಆಗಬೇಕು. ನಮ್ಮದೇನು, ಲಾಭ ನೋಡೋ ಕೈ. ನಿಮ್ಮದು ದೇವರಿಗೆ ನೀರು ಕೊಡೋ ಕೈ.”

“ದೇವರ ಕೈ ಏನಲ್ರೀ, ಕೊಡಾ ಹೊತ್ತು ಹೊತ್ತು ಜಡ್ಡುಗಟ್ಟಿದ ಕೈ,” ಅಂದೆ. ಆದರೂ ಒಳಗೊಳಗೆ ಹಿಗ್ಗಿದೆ. ಹೊಂಡದ ನೀರು ಕೊಪ್ಪರಿಗೆಗೆ ಇಳಿಯುವ ವಾಲ್ವ್ ಇರಬೇಕೆಂದುಕೊಂಡು, ಶಿವನಾಮ ನೆನೆದು ತಿರುಗಿಸಿದೆ. ಕೊಪ್ಪರಿಗೆಗೆ ಏನೂ ಬೀಳಲಿಲ್ಲ. ಹಿಂದಿನ ಗೋಡೆಯ ಆಚೆ ಯಾರೋ ಕ್ಯಾಕರಿಸಿದ ಹಾಗೆ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಪೇಡೆ ತಿಂದು ಮನೆಯ ದಾರಿ ಹಿಡಿದೆ.

ಓಣಿಯ ತಿರುವಿನಲ್ಲಿ ಪಕ್ಕದ ಮನೆಯ ನೇಕಾರ ಫಕೀರಪ್ಪ ಎದುರಾದ. ನನ್ನನ್ನು ನೋಡಿದ, ನನ್ನ ಹಿಂದೆ ನೋಡಿದ.

“ಯಕ್ಕಾ, ಅಂಜಬ್ಯಾಡ. ತಿರುಗಿ ನೋಡಬ್ಯಾಡ. ನಿನ್ನ ಹಿಂದ ಮೆರವಣಿಗಿ ಬಂದೈತಿ.”

ತಿರುಗಿ ನೋಡಿದೆ. ಕೆಂಪು, ನೀಲಿ, ನಡುವೆ ಹೆಸರಿಲ್ಲದ ಒಂದು ಬಣ್ಣ. ಮೊಣಕೈಯಗಲದ ನೀರು, ಮೇಲೆ ನೊರೆ, ನಾನು ನಿಂತದ್ದಕ್ಕೆ ತಾನೂ ನಿಂತು ಕಾಯುತ್ತಿತ್ತು. ಅದರ ಬಾಲ ಎಲ್ಲಿದೆ ಎಂದು ಕಾಣಲಿಲ್ಲ. ಕಾರ್ಖಾನೆಯ ತನಕ ಇತ್ತು; ನಾನು ತೆರೆದದ್ದು ಕೊಪ್ಪರಿಗೆಯ ಕೊಳೆನೀರು ಹೊರಬಿಡುವ ವಾಲ್ವ್.

ಬಂದ ದಾರಿಯಲ್ಲೇ ವಾಪಸು ಹೋದೆ. ಸಾಹುಕಾರರು ಬಾಗಿಲಲ್ಲೇ ಇದ್ದರು.

“ಅಯ್ಯೋ, ನಿಮ್ಮ ಹಿಂದ ಬಂತೇನ್ರೀ? ನಮ್ಮೂರ ಕಡೆ ನೀರು ಇಷ್ಟು ಮಾಯಾ ಮಾಡಂಗಿಲ್ಲ ನೋಡ್ರಿ,” ಅಂದರು.

“ವಾಲ್ವ್ ಬಂದ್ ಮಾಡತೀನಿ, ದಾರಿ ಬಿಡ್ರಿ.”

“ಮಾಡ್ರಿ, ಬ್ಯಾಡ ಅನ್ನಾಂವ ನಾ ಅಲ್ಲ. ಬಂದ್ ಆದ್ರ ಕೊಪ್ಪರಿಗಿ ನಿಲ್ಲತೈತಿ. ಕೊಪ್ಪರಿಗಿ ನಿಂತ್ರ ನೂಲು ನಿಲ್ಲತೈತಿ. ನೂಲು ನಿಂತ್ರ ನಿಮ್ಮ ಫಕೀರಪ್ಪನ ಮಗ್ಗ ನಿಲ್ಲತೈತಿ. ಬಂದ್ ಮಾಡತೀರೇನು, ನೀವs ಹೇಳ್ರಿ.”

ಸಿಹಿಯಾಗಿ ಕಟ್ಟಿಹಾಕುವುದು ಒಂದು ವಿದ್ಯೆ. ಹಿಂದಿನ ವಾರವಷ್ಟೇ ಫಕೀರಪ್ಪ ಬಣ್ಣದ ನೂಲು ಮನೆಗೆ ಬರುತ್ತದೆಂದು ಮಗ್ಗಕ್ಕೆ ನೂಲೆಳೆ ಹಾಯಿಸುವ ಹೊಸ ಅಣಿ ಕೊಂಡಿದ್ದ. ನಾನು ಚಕ್ರ ಮುಟ್ಟದೆ ಬಂದೆ. ನೀರೂ ಬಂತು.

ಮರುದಿನ ಕೊಡ ಹಿಡಿದು ಹೊಂಡದ ಮೇಲಿನ ಮೆಟ್ಟಿಲಿಗೆ ಹೋಗಿ ನಿಂತೆ. ಹಿಂದಿನ ನೀರು ನನ್ನ ಹಿಮ್ಮಡಿ ಮುಟ್ಟಿ ನಿಂತಿತು. ನಾನು ಇಳಿದರೆ ಅದೂ ಇಳಿಯುತ್ತದೆ. ಅದು ಇಳಿದರೆ ಹೊಂಡ ಮುಗಿಯಿತು. ಕೊಡ ಬೋರಲು ಹಾಕಿ ಅಲ್ಲೇ ಕೂತೆ. ಗುಡಿಯಿಂದ ಪೂಜಾರಿ ಸಂಗಯ್ಯನವರು ಬಂದು ನೋಡಿದರು.

“ಕಾಶವ್ವ, ನೀ ಒಬ್ಬಾಕಿನs ಬರೂಹಂಗಿದ್ರ ಬಾ. ನಿನ್ನ ಪರಿವಾರ ಹೊರಗ ಇರಲಿ.”

“ಕೇಳವಲ್ಲವು ಅಯ್ಯಾರ. ಹೇಳಿ ನೋಡಿದೆ.”

“ಹಂಗಾರ ಅಯ್ಯನಿಗೆ ಇವತ್ತ ಒಣ ಜಳಕ,” ಎಂದು ಅವರು ಹೆಗಲ ಮೇಲಿನ ಬಟ್ಟೆ ಕೊಡವಿಕೊಂಡು ಹೋದರು. ಮಾತು ಹಗುರವಾಗಿಯೇ ಇತ್ತು. ಆದರೆ ನನ್ನ ಕಣ್ಣು ಅವರ ಹಿಂದೆಯೇ ಹೋಯಿತು. ಬರಗಾಲದಲ್ಲೂ ನನ್ನತ್ತೆ ಒಂದು ಚಂಬಾದರೂ ಮುಟ್ಟಿಸಿದ್ದರು. ಈಗ ತುಂಬಿದ ಹೊಂಡದ ಎದುರು ದೇವರು ಒಣಗಿ ಕೂತಿದ್ದ, ನನ್ನ ಕೈಯಿಂದ.

ಒಂದಷ್ಟು ದಿನ ಹಾಗೇ ಹೋಯಿತು. ಬೈಯಬೇಕೆಂದು ಊರಿನ ಹೆಂಗಸರು ಹೇಳಿದರು. ಸಾಹುಕಾರರ ಮನೆಯ ಮುಂದೆ ಧರಣಿ ಕೂಡಬೇಕೆಂದು ಗಂಡಸರು ಹೇಳಿದರು. ಹೇಳಿದವರೆಲ್ಲ ಬಣ್ಣದ ನೂಲು ತರಲು ಹೋದರು. ನನಗೆ ಬೈಗುಳ ಬರುವುದಿಲ್ಲ. ದೇವರ ಹೆಸರು ಹೇಳಿ ಹೇಳಿ ನಾಲಿಗೆ ಆ ಕಡೆ ಹೊರಳುವುದನ್ನು ಮರೆತಿದೆ. ಜಪ ಮಾಡುತ್ತ ಕೂತಾಗ ಒಂದು ದಿನ ಅನ್ನಿಸಿತು: ನೀರು ಬರುವುದು ನನ್ನ ಕೈಯಲ್ಲಿಲ್ಲ, ಸರಿ. ನಾನು ಎಲ್ಲಿಗೆ ಹೋಗುವುದು ಎಂಬುದು ನನ್ನ ಕೈಯಲ್ಲೇ ಇದೆಯಲ್ಲ. ಇದು ಹೊಂಡದಯ್ಯನೇ ಹೇಳಿದ್ದೋ, ನನ್ನೊಳಗಿನ ತುಂಟಿ ಹೇಳಿದ್ದೋ ವಿಚಾರಿಸಲು ಹೋಗಲಿಲ್ಲ.

ಮಧ್ಯಾಹ್ನ ಸಾಹುಕಾರರ ಮನೆಗೆ ಹೋದೆ. ಅವರ ಹೆಂಡತಿ ಪಾರ್ವತೆವ್ವ ಬಾಗಿಲು ತೆರೆದಳು. ಹೊಸ ಊರಿನಲ್ಲಿ ಮಾತಾಡಲು ಯಾರೂ ಇಲ್ಲದೆ ಬೇಸತ್ತಿದ್ದ ಜೀವ.

“ಪುರಾಣ ಕೇಳತೀಯೇನವ್ವ? ಗುಡಿ ಕಟ್ಟಿಗೆ ಹೋಗೂಹಂಗಿಲ್ಲ ನಾನು, ಇಲ್ಲೇ ಹೇಳತೀನಿ.”

“ಬರ್ರಿ ಯಕ್ಕಾ, ಒಳಗ ಬರ್ರಿ,” ಅಂದಳು.

ಬಂದೆ. ನಾನು ಬಂದ ಮೇಲೆ ಇನ್ನೊಬ್ಬರೂ ಬಂದರು. ಪಡಸಾಲೆಯ ನುಣುಪು ಹಾಸುಗಲ್ಲಿನ ಮೇಲೆ ಕೆಂಪು ನೀಲಿ ಹರಡಿ, ಗಾದಿಯ ಅಂಚು ಮುಟ್ಟಿ, ಒರಗುವ ಲೋಡಿನ ಹೊಟ್ಟೆಗೇರಿತು. ಪಾರ್ವತೆವ್ವ ಮೊದಲು ಹೌಹಾರಿದಳು, ಆಮೇಲೆ ಇದು ಯಾರ ಕಾರ್ಖಾನೆಯದೆಂದು ನೆನಪಾಗಿ ಸೀರೆ ಎತ್ತಿ ಕಟ್ಟಿ ಮಂಚದ ಮೇಲೆ ಕೂತಳು. ನಾನು ಭಗೀರಥನ ಕಥೆ ಶುರು ಮಾಡಿದೆ. ಮುಂದೆ ಭಗೀರಥ, ಹಿಂದೆ ಗಂಗೆ. ನಮ್ಮೂರಿನವರಿಗೆ ಆ ಕಥೆಯಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಆಕೆ ಹೊರದೇಶದವಳಂತೆ ಬಾಯಿಬಿಟ್ಟು ಕೇಳಿದಳು.

ಸಂಜೆ ಸಾಹುಕಾರರು ಬಂದು ಹೊಸ್ತಿಲು ದಾಟಿದ್ದೇ ಪಾದ ನೀಲಿಯಾಯಿತು.

“ಏನಿದು?”

“ಗಂಗಾ,” ಅಂದಳು ಪಾರ್ವತೆವ್ವ. “ಇನ್ನೂ ಹಿಮಾಲಯದಾಗ ಅದಾಳ. ಸುಮ್ನ ಕೂಡ್ರಿ, ಕಥಿ ಕೆಡಿಸಬ್ಯಾಡ್ರಿ.”

ನಾನು ಭಗೀರಥನನ್ನು ನಿಧಾನ ನಡೆಸಿದೆ. ದಿನಕ್ಕೊಂದು ಕೊಳ್ಳ, ದಿನಕ್ಕೊಂದು ಬಂಡೆ. ದಾರಿಯಲ್ಲಿ ಋಷಿಗಳು ಸಿಕ್ಕರೆ ಕುಶಲ ವಿಚಾರಿಸದೆ ಮುಂದೆ ಹೋಗಗೊಡಲಿಲ್ಲ. ಸಾಹುಕಾರರ ಬಿಳಿ ಧೋತರಗಳ ಅಂಚು ಒಂದೊಂದಾಗಿ ಬಣ್ಣ ಹಿಡಿದವು. ಪೇಟೆಯಲ್ಲಿ ಅವರನ್ನು ನೋಡಿ, “ಸಾವಕಾರ್ರು ತಮ್ಮ ಮಾಲಿಗೆ ತಾವs ಜಾಹೀರಾತು ಆಗ್ಯಾರ,” ಎಂದು ಫಕೀರಪ್ಪ ಹೇಳಿದನಂತೆ. ಅತಿಥಿಯನ್ನು ಹೊರಗೆ ಹಾಕುವಂತಿಲ್ಲ; ಅದರಲ್ಲೂ ಪುರಾಣ ಹೇಳುವ ಮುದುಕಿಯನ್ನು. ಒಂದು ದಿನ ಕೈಮುಗಿದು ಕೇಳಿದರು.

“ಅವ್ವಾರ, ಅಂಗಳದಾಗ ಕೂತು ಹೇಳಬಾರದೇನ್ರಿ?”

“ಹೇಳತೀನಪ್ಪ. ಅಂಗಳದಾಗ ನೆರಳು ಇರೂದು ನಿಮ್ಮ ಬಾಂವಿ ಕಟ್ಟಿ ಹತ್ರ ಒಂದs.”

ಅವರ ಮುಖ ತೊಳೆದ ನೂಲಿನ ಹಾಗಾಯಿತು. “ಬ್ಯಾಡ್ರಿ. ಒಳಗs ಕೂಡ್ರಿ.”

“ನನಗೂ ಬ್ಯಾಡ ಅನಸತೈತಿ,” ಅಂದೆ. ನಿಜಕ್ಕೂ ಬೇಡವಾಗಿತ್ತು. ಬಾವಿ ಯಾರದೇ ಆಗಲಿ, ಅದರೊಳಗಿರುವ ನೀರು ದೇವರದು.

ಆಮೇಲೆ ಸಾಹುಕಾರರು ಬುದ್ಧಿ ಓಡಿಸಿದರು. ಹೊಂಡದ ಪೈಪು ಇನ್ನಷ್ಟು ಬಿಟ್ಟು, ಬಣ್ಣದ ನೀರಿಗೆ ಒಳ್ಳೆಯ ನೀರು ಬೆರೆಸಿದರು. ಕಡುಗೆಂಪು ಹೋಗಿ ಗುಲಾಬಿಯಾಯಿತು; ಇನ್ನೇನು ತಿಳಿಯಾದ ಹಾಗೆಯೇ ಎಂದುಕೊಂಡರು. ನೀರು ಮೋಸಹೋಗಲಿಲ್ಲ. ಗುಲಾಬಿ ಗುಲಾಬಿಯಾಗಿಯೇ ನನ್ನ ಬೆನ್ನು ಹತ್ತಿತು, ಎರಡರಷ್ಟಾಗಿ. ಆ ದಿನ ನಾನು ಸಾಹುಕಾರರ ಮನೆಗೆ ಹೋದಾಗ ಪಡಸಾಲೆ ಸಾಲದೆ ನೀರು ಅಡುಗೆಮನೆಗೂ ಹೋಗಿ, ಒಲೆ ಆರಿಸಿ, ಉಪ್ಪಿನಕಾಯಿ ಭರಣಿಗಳನ್ನು ಸುತ್ತು ಹಾಕಿ ಬಂತು. ಅತ್ತ ಹೊಂಡ ಇಳಿಯಿತು. ನೀರಡಿಗಿದ್ದ, ಪಾಚಿ ಹಿಡಿದ ಹಳೆಯ ಮೆಟ್ಟಿಲುಗಳು ಮೇಲೆ ಬಂದವು. ಅವನ್ನು ಹಿಂದೆ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ.

ಪಾರ್ವತೆವ್ವ ಆರಿದ ಒಲೆಯನ್ನೊಮ್ಮೆ ನೋಡಿದಳು. “ಕಥಿ ಹೇಳ್ರಿ ಯಕ್ಕಾ. ಇವತ್ತ ಇವರೂ ಕೇಳತಾರ,” ಎಂದು ಗಂಡನನ್ನು ಕೈಹಿಡಿದು ತಂದು ಕೂರಿಸಿದಳು.

ಆ ದಿನ ಜಹ್ನು ಋಷಿಯ ಕಥೆ. ಗಂಗೆ ಹರಿಯುತ್ತ ಆಶ್ರಮಕ್ಕೆ ನುಗ್ಗಿ ಯಜ್ಞದ ಬೆಂಕಿ ಆರಿಸಿದಳು. ಜಹ್ನುವಿಗೆ ಸಿಟ್ಟು ಬಂದು ಅಷ್ಟೂ ನೀರನ್ನು ಗಟಗಟ ಕುಡಿದುಬಿಟ್ಟ. ಆಮೇಲೆ ಭಗೀರಥ ಬೇಡಿಕೊಂಡಾಗ ಕಿವಿಯಿಂದ ಹೊರಬಿಟ್ಟ. ಶುದ್ಧಳಾಗಿ, ಅವನ ಮಗಳೆನಿಸಿಕೊಂಡು ಹರಿದಳು.

“ಅಂದ್ರ ಒಳಗ ಹೋದದ್ದು ತಿಳಿಯಾಗಿ ಹೊರಗ ಬಂತು,” ಅಂದಳು ಪಾರ್ವತೆವ್ವ.

“ಹೌದವ್ವ.”

ಅವಳು ಗಂಡನ ಕಡೆ ತಿರುಗಿದಳು. “ನಿಮ್ಮ ಕಾರ್ಖಾನಿ ಕುಡೀತೈತಿ, ಖರೆ. ಕಿವಿ ಒಂದು ಮಾಡಿಸಿಲ್ಲ ನೋಡ್ರಿ ನೀವು.”

ಸಾಹುಕಾರರು ಧೋತರದ ಬಣ್ಣ ಹಿಡಿದ ಅಂಚನ್ನು ಹಿಂಡಿದರು. ಆಮೇಲೆ ಹೇಳಿದರು:

“ಗೊತ್ತಿಲ್ಲ ಅಂತಲ್ಲ. ನಮ್ಮ ಮಾವಾರ ಕಾರ್ಖಾನ್ಯಾಗ ನಾನs ನಿಂತು ಕಟ್ಟಿಸೀನಿ. ಸುಣ್ಣ ಹಾಕಿ ಬಣ್ಣ ತಳಕ್ಕ ಕೂಡಿಸೋ ನೀರಿನ ತೊಟ್ಟಿ, ಮರಳು, ಇದ್ದಿಲು, ಎಲ್ಲಾ. ಸೋಸಿದ ನೀರು ತಿರುಗಿ ಕೊಪ್ಪರಿಗಿಗೇ ಹೋಗತೈತಿ. ಇಲ್ಲೆ ಪುಕ್ಕಟೆ ಹೊಂಡ ಐತಿ, ಪುಕ್ಕಟೆ…” ಎಂದು ನನ್ನ ಕಡೆ ನೋಡಿ ನಿಲ್ಲಿಸಿದರು.

“ಪುಕ್ಕಟೆ ಮುದುಕಿ ಐತಿ,” ಎಂದು ನಾನು ಮುಗಿಸಿಕೊಟ್ಟೆ.

ಅವರು ನಗಲಿಲ್ಲ. ಪಾರ್ವತೆವ್ವ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿಯ ಆ ನಗೆಯೇ ಅವರಿಗೆ ನಾಟಿರಬೇಕು.

ಕಾರ್ಖಾನೆಯ ಹಿಂದೆ ನೀರಿನ ತೊಟ್ಟಿಗಳು, ನಮ್ಮ ಮಾತಿನ ಹೌದುಗಳು, ಎದ್ದವು. ಫಕೀರಪ್ಪನ ಓಣಿಯವರು ಮಗ್ಗ ಬಿಟ್ಟು ಮಧ್ಯಾಹ್ನ ಮಣ್ಣು ಹೊತ್ತರು; ಭೀಮಪ್ಪ ತನ್ನ ಹಳ್ಳದಿಂದ ಜೊಂಡು ಕಿತ್ತು ಕೊಟ್ಟ. ಮೊದಲ ಹೌದಿನಲ್ಲಿ ಸುಣ್ಣ ಕಂಡು ಬಣ್ಣ ತಳ ಸೇರುತ್ತಿತ್ತು, ಎರಡನೆಯದರಲ್ಲಿ ಮರಳು ಇದ್ದಿಲಿನ ನಡುವೆ ಜಿನುಗುತ್ತಿತ್ತು, ಕೊನೆಗೆ ಜೊಂಡಿನ ಬೇರುಗಳ ನಡುವೆ ಒಂದಷ್ಟು ದಿನ ಉಸಿರಾಡುತ್ತಿತ್ತು. ತಳದಲ್ಲಿ ಕೂತ ಕೆಸರನ್ನು ಸಾಹುಕಾರರು ಒಣಗಿಸಿ ಗೋಣಿಯಲ್ಲಿ ಕಟ್ಟಿ ಬೀಗ ಹಾಕಿ ಇಟ್ಟಿದ್ದಾರೆ. ಅದನ್ನೇನು ಮಾಡಬೇಕೆಂದು ಅವರಿಗೂ ತಿಳಿದಿಲ್ಲ, ನಮಗೂ ತಿಳಿದಿಲ್ಲ. ಅದು ನೀರಿನ ಹಾಗಲ್ಲ, ಯಾರ ಹಿಂದೆಯೂ ಬರುವುದಿಲ್ಲ. ಅದಕ್ಕೇ ನನಗೆ ಅದರ ಭಯ ಹೆಚ್ಚು.

ಅದೆಲ್ಲ ಆಮೇಲಿನ ಮಾತು. ಹೌದುಗಳು ಸಿದ್ಧವಾದಾಗ ಇನ್ನೂ ಒಂದು ಕೆಲಸ ಉಳಿದಿತ್ತು. ತೆರೆದ ಕೈ ನನ್ನದು. ಎಷ್ಟು ಹೌದು ಕಟ್ಟಿದರೂ ನೀರು ಅತ್ತ ತಿರುಗದೆ ನನ್ನ ಮನೆಗೇ ಬರುತ್ತಿತ್ತು. ಊರು ಸೇರಿತು. ಹಾರವಿಲ್ಲ, ಕಾಯಿಯಿಲ್ಲ. ನಾನು ಚಕ್ರ ತಿರುಗಿಸಿ ಮುಚ್ಚಿ, ಪಕ್ಕಕ್ಕೆ ನಿಂತೆ.

“ತೆರೀರಿ, ಸಾವಕಾರ್ರ,” ಅಂದ ಫಕೀರಪ್ಪ. “ಲಾಭ ನೋಡೋ ಕೈ, ಗಟ್ಟಿ ಇರತೈತಿ.”

ಚಂದ್ರಾಮಪ್ಪನವರು ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸಿದರು. ಗೋಡೆಯಾಚೆ ಕ್ಯಾಕರಿಸಿದ ಸದ್ದು. ಹೊಸ ನೀರು ಹೊರಬಂದು ನನ್ನ ಹತ್ತಿರ ಬಂತು, ಮೂಸಿದ ಹಾಗೆ ಒಂದು ಗಳಿಗೆ ನಿಂತಿತು, ಹೊರಳಿ ಅವರ ಕಾಲಿನ ಹತ್ತಿರ ಹೋಗಿ ಕೂತಿತು. ಊರು ಉಸಿರು ಬಿಟ್ಟಿತು. ಅವರು ಹೆಜ್ಜೆ ಹಾಕಿದರು, ಅದೂ ಹೊರಟಿತು. ಹೌದಿನ ಅಂಚಿನ ಮೇಲೆ ನಡೆದು, ಜೊಂಡಿನ ಸುತ್ತ ಬಂದು, ಅದನ್ನು ಒಳಗೆ ಇಳಿಸಿದರು. ಅಲ್ಲಿಂದ ದಿನಾ ಬೆಳಿಗ್ಗೆ ಅವರದೇ ಕೆಲಸ. ಮೊದಮೊದಲು ಮುಖ ಸಿಂಡರಿಸಿಕೊಂಡು ನಡೆದರು, ಆಮೇಲೆ ಅದರೊಂದಿಗೆ ಮಾತಾಡತೊಡಗಿದರು. “ಬಾ, ಬಾ, ಹೊತ್ತಾತು,” ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಅವರ ನೀರು ತಿಳಿಯಾದದ್ದೇ, ಹೊಂಡದ ದಾರಿ ಹಿಡಿಯುವ ಮೊದಲೇ ಪೈಪಿನಲ್ಲಿ ತಿರುಗಿ ಕೊಪ್ಪರಿಗೆಗೆ ಹೋಗುತ್ತಿತ್ತು. ಅದರಲ್ಲಿ ಬಣ್ಣ ಹಿಡಿಸುವ ಉಪ್ಪು ಇನ್ನೂ ಉಳಿದಿತ್ತಂತೆ, ಹೊಸ ಉಪ್ಪಿನ ಖರ್ಚು ಇಳಿಯಿತೆಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು, ಈ ಉಪಾಯ ಮೊದಲಿನಿಂದಲೂ ತಮ್ಮದೇ ಎಂಬಂತೆ. ಇರಲಿ. ಒಳ್ಳೆಯ ಉಪಾಯಕ್ಕೆ ಎಷ್ಟು ಅಪ್ಪಂದಿರಿದ್ದರೂ ಕೆಡುಕಿಲ್ಲ. ಹೊಂಡದ ಪೈಪನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ತೆರೆಯುತ್ತಿದ್ದರು.

ಆದರೆ ನನ್ನ ಬೆನ್ನಿಗೆ ಅದುವರೆಗೆ ಬಿದ್ದಿದ್ದ ನೀರು ನನ್ನದೇ. ಕೈ ಬದಲಾಯಿತೆಂದು ಹಳೆಯದು ಬಿಟ್ಟುಹೋಗುವುದಿಲ್ಲ. ನಾನೂ ಅದನ್ನು ದಿನಾ ಸ್ವಲ್ಪ ಸ್ವಲ್ಪವಾಗಿ ಕಾರ್ಖಾನೆಗೆ ಕರೆದೊಯ್ದು ಹೌದಿಗೆ ಇಳಿಸುತ್ತಿದ್ದೆ. ಆ ದಾರಿಯಲ್ಲಿ ನಾನೂ ಸಾಹುಕಾರರೂ ಎದುರುಬದುರಾಗುತ್ತಿದ್ದೆವು, ಇಬ್ಬರ ಹಿಂದೆಯೂ ಅವರವರ ಬಣ್ಣ.

“ನಿಮ್ಮದು ತೆಳ್ಳಗಾಗೈತಿ ಅವ್ವಾರ,” ಅನ್ನುತ್ತಿದ್ದರು.

“ನಿಮ್ಮದಕ್ಕ ಬಾಲಾ ಉದ್ದ ಐತಿ,” ಅನ್ನುತ್ತಿದ್ದೆ.

ಓಣಿಯಲ್ಲಿ ನನ್ನ ಹಿಂದೆ ಕೊನೆಗೆ ಏನೂ ಉಳಿಯಲಿಲ್ಲ. ಎಲ್ಲ ಹೌದಿನಲ್ಲಿತ್ತು, ತಿಳಿಯಾಗಲು ಬಿಟ್ಟಿದ್ದೆ. ಆದರೂ ನಾನು ಹೊಂಡಕ್ಕೆ ಇಳಿಯಲಿಲ್ಲ. ನನ್ನ ಕೈಯ ನೀರು ಎಲ್ಲೋ ಒಂದು ಕಡೆ ಇನ್ನೂ ಕೊಳೆಯಾಗಿರುವಾಗ ಅಗ್ಗಣಿ ಮುಟ್ಟಲು ಮನಸ್ಸು ಒಪ್ಪಲಿಲ್ಲ. ಸಂಗಯ್ಯನವರು ಬಾ ಅಂದರು. ಒಣ ಬಟ್ಟೆಯಲ್ಲಿ ಒರೆಸಿ ಒರೆಸಿ ಅಯ್ಯನ ಮೈ ಸವೆಯುತ್ತಿದೆ ಎಂದು ಗದರಿದರು. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಕೈಮುಗಿದು ಬರುತ್ತಿದ್ದೆ, ಅಷ್ಟೇ.

ಒಂದು ಮುಂಜಾನೆ ಹಾಗೆ ಕೂತಿದ್ದಾಗ ಕಾರ್ಖಾನೆಯ ಕಡೆಯಿಂದ ಚಂದ್ರಾಮಪ್ಪನವರು ಬಂದರು. ಬರಿಗಾಲು, ಹೆಗಲ ಮೇಲೆ ತಾಮ್ರದ ಕೊಡ. ಅಷ್ಟು ದೂರ ನೀರು ಹೊತ್ತು ಅಭ್ಯಾಸವಿಲ್ಲದ ಹೆಗಲು ಒಂದು ಕಡೆಗೆ ವಾಲಿತ್ತು, ಒಂದು ತೋಳು ಒದ್ದೆಯಾಗಿತ್ತು. ಜೊಂಡಿನ ಹೌದಿನಿಂದ ನನ್ನ ನೀರಿನ ಕೊನೆಯ ಪಾಲು ಹೊರಗೆ ಬಂದಿರಬೇಕು. ತಿಳಿಯಾದ ನೀರು ತಾನಾಗಿಯೇ ಹೊಂಡಕ್ಕೆ ಬರುತ್ತದೆ. ಅದನ್ನು ಹೊತ್ತು ತರಬೇಕೆಂದೇನಿಲ್ಲ. ಅವರು ತಂದಿದ್ದರು.

ನನ್ನ ಎದುರು ನಿಂತು, ಕೊಡವನ್ನು ಎರಡೂ ಕೈಯಲ್ಲಿ ಇಳಿಸಿ ಹಿಡಿದರು. ಬಗ್ಗಿ ನೋಡಿದೆ. ತಳದ ತಾಮ್ರದ ಮೇಲೆ ಬಡಿದ ಸುತ್ತಿಗೆಯ ಗುರುತುಗಳು ಒಂದೂ ಬಿಡದೆ ಕಾಣುತ್ತಿದ್ದವು.

“ನಿಮ್ಮದು, ಅವ್ವಾರ,” ಅಂದರು, ಮೆಲ್ಲಗೆ.

ಕೊಡ ಇಸಿದುಕೊಂಡು ಸೊಂಟಕ್ಕೇರಿಸಿ, ಗುಡಿಯ ಕಡೆ ತಿರುಗಿದೆ.